ಅಪಘಾತದಲ್ಲಿ ಕುತ್ತಿಗೆಯ ಡಿಸ್ಕ್‌ಗೆ ಪೆಟ್ಟಾದರೆ: ಮೊದಲ ದಿನದಿಂದ ಪರಿಹಾರದ ಸಹಿವರೆಗೆ

ಹಿಂದಿನಿಂದ ಗಾಡಿ ಗುದ್ದಿತು. ಅವತ್ತು ಏನೂ ಅನಿಸಲಿಲ್ಲ. ವಾರ ಕಳೆದ ಮೇಲೆ ಕುತ್ತಿಗೆ ತಿರುಗಿಸೋಕೆ ಆಗುತ್ತಿಲ್ಲ, ಕೈ ಜೋಮು ಹಿಡಿಯುತ್ತಿದೆ. ಎಮ್‌ಆರ್‌ಐ ಮಾಡಿಸಿದರೆ ಡಿಸ್ಕ್ ಜಾರಿದೆ ಎಂದು ಬಂದಿದೆ. ಇನ್ಶೂರೆನ್ಸ್‌ನವರು ಮಾತ್ರ "ಇದು ವಯಸ್ಸಿನ ಸವೆತ, ಅಪಘಾತಕ್ಕೂ ಇದಕ್ಕೂ ಸಂಬಂಧ ಇಲ್ಲ" ಅನ್ನುತ್ತಿದ್ದಾರೆ. ಈಗ ಏನು ಮಾಡೋದು?

ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುವ ಪ್ರಶ್ನೆ ಇದೇ. ತುಂಬ ಜನ ಕೇಳುವುದು ತಡವಾಗಿ, ಕಾಗದಗಳು ಕೈತಪ್ಪಿದ ಮೇಲೆ. ನೋಡಿದರೆ ಬೇಸರವಾಗುತ್ತದೆ. ನೋವು ನಿಜ, ಖರ್ಚು ನಿಜ, ಆದರೆ ತೋರಿಸಲು ದಾಖಲೆ ಇಲ್ಲ. ಅದಕ್ಕೇ ಮೊದಲಿನಿಂದ ಕೊನೆವರೆಗೆ ಒಂದೇ ಕಡೆ ಬರೆದಿದ್ದೇನೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ನಿಮ್ಮ ಕೇಸಿಗೆ ನಿಮ್ಮ ಕಡೆಯ ವಕೀಲರ ಸಲಹೆ ಬೇಕೇ ಬೇಕು. ಆದರೆ ಇಲ್ಲಿ ಹೇಳಿರುವ ಕ್ರಮ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ.

ಮೊದಲು, ಡಿಸ್ಕ್ ಅಂದರೆ ಏನು?

ಕುತ್ತಿಗೆಯಲ್ಲಿ 7 ಮೂಳೆಗಳಿವೆ. ಮೇಲಿನಿಂದ ಅವುಗಳನ್ನು ಸಿ1, ಸಿ2 ಎಂದು ಸಿ7ರವರೆಗೆ ಎಣಿಸುತ್ತಾರೆ. ಸಿ2ರಿಂದ ಕೆಳಗೆ ಎರಡೆರಡು ಮೂಳೆಗಳ ನಡುವೆ ಒಂದೊಂದು ಮೆತ್ತೆ ಇರುತ್ತದೆ. ಅದೇ ಡಿಸ್ಕ್. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಜೆಲ್ಲಿಯಂಥ ತಿರುಳು. ಸುತ್ತು ಹೊರಕ್ಕೆ ಉಬ್ಬಿದರೆ 'ಬಲ್ಜ್' ಅನ್ನುತ್ತಾರೆ. ಸುತ್ತು ಹರಿದು ತಿರುಳು ಹೊರಗೆ ತಳ್ಳಿಕೊಂಡರೆ 'ಹರ್ನಿಯೇಶನ್' ಅಥವಾ 'ಪ್ರೊಲ್ಯಾಪ್ಸ್'. ನಾವು ಡಿಸ್ಕ್ ಜಾರಿದೆ ಅನ್ನುತ್ತೇವಲ್ಲ, ಅದು ಇದೇ. ನಿಜವಾಗಿ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ.

ಹೊರಬಂದ ತಿರುಳು ಪಕ್ಕದ ನರವನ್ನು ಒತ್ತಿದರೆ ನೋವು ಕೈಗೆ ಇಳಿಯುತ್ತದೆ. ಇದಕ್ಕೆ ವೈದ್ಯರು 'ರ‍್ಯಾಡಿಕ್ಯುಲೋಪಥಿ' ಎಂದು ಬರೆಯುತ್ತಾರೆ. ಎಲ್ಲಿ ಜೋಮು ಎಂಬುದರಿಂದ ಯಾವ ನರ ಎಂದು ಊಹಿಸಬಹುದು. ಸಿ5-ಸಿ6 ನಡುವಿನ ಡಿಸ್ಕ್ ಆದರೆ ಸಾಮಾನ್ಯವಾಗಿ ಹೆಬ್ಬೆರಳಿನ ಕಡೆ, ಸಿ6-ಸಿ7 ಆದರೆ ನಡುಬೆರಳಿನ ಕಡೆ. ಈ ಎರಡು ಜಾಗದಲ್ಲೇ ತೊಂದರೆ ಜಾಸ್ತಿ. ಈ ವಿವರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೇಸಿನಲ್ಲಿ ಕೆಲಸಕ್ಕೆ ಬರುತ್ತದೆ.

1. ನೋವು ಕಂಡ ತಕ್ಷಣ ತೋರಿಸಿ, ಬರೆಸಿ

ಕುತ್ತಿಗೆಯ ನೋವು ಕೆಲವು ಗಂಟೆ ಅಥವಾ ಒಂದೆರಡು ದಿನ ತಡವಾಗಿ ಬರುವುದು ಸಾಮಾನ್ಯ. ಅಪಘಾತದ ಗಾಬರಿಯಲ್ಲಿ ಮೈಗೆ ನೋವು ಗೊತ್ತಾಗುವುದಿಲ್ಲ. ಮಂಡಿ ಒಡೆದಿದ್ದರೆ, ಹಣೆಗೆ ಹೊಲಿಗೆ ಬಿದ್ದಿದ್ದರೆ ಗಮನವೆಲ್ಲ ಅಲ್ಲೇ ಇರುತ್ತದೆ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಕುತ್ತಿಗೆಯ ಹೆಸರೇ ಇರುವುದಿಲ್ಲ. ಮುಂದೆ ಎದುರು ಪಕ್ಷದವರು ಹಿಡಿದುಕೊಳ್ಳುವ ಮೊದಲ ಎಳೆ ಇದೇ.

ಹಾಗಾಗಿ ಮೊದಲ ದಿನವೇ ತಲೆಯಿಂದ ಕಾಲಿನವರೆಗೆ ಎಲ್ಲೆಲ್ಲಿ ಸ್ವಲ್ಪ ಬಿಗಿತ ಇದ್ದರೂ ಹೇಳಿ. ಮರುದಿನ ಕುತ್ತಿಗೆ ಹಿಡಿದುಕೊಂಡರೆ ಅವತ್ತೇ ಮತ್ತೆ ಹೋಗಿ. "ಇಂಥ ದಿನ ಅಪಘಾತವಾಯಿತು, ಇಂಥ ದಿನದಿಂದ ಕುತ್ತಿಗೆ ನೋವು" ಎಂದು ಚೀಟಿಯಲ್ಲಿ ಬರೆದಿದ್ದಾರಾ ನೋಡಿ. ಬರೆಯದಿದ್ದರೆ ವಿನಯದಿಂದ ಕೇಳಿ. ಸಂಕೋಚ ಬೇಡ. ನೀವು ಹೇಳಿದ್ದನ್ನು ದಾಖಲಿಸಿ ಅಂತ ಕೇಳುತ್ತಿದ್ದೀರಿ, ಅಷ್ಟೇ.

ಕೆಲವು ಲಕ್ಷಣಗಳಿಗೆ ಕಾಯಲೇಬಾರದು. ಕೈ ಅಥವಾ ಕಾಲಿನ ಬಲ ಕುಗ್ಗುವುದು, ಗುಂಡಿ ಹಾಕಲು ಬೆರಳು ಮಾತು ಕೇಳದಿರುವುದು, ನಡೆಯುವಾಗ ತೂರಾಡುವುದು, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪುವುದು. ಇವು ಬೆನ್ನುಹುರಿಗೇ ಒತ್ತಡ ಬಿದ್ದಿರುವ ಸೂಚನೆ ಇರಬಹುದು. ಆಗ ಕೇಸು, ಕಾಗದ ಎಲ್ಲ ಪಕ್ಕಕ್ಕಿಡಿ. ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ. ಅಪಘಾತದ ನಂತರ ಕುತ್ತಿಗೆ ನೆಟಿಕೆ ತೆಗೆಸುವುದು, ತಿರುಚಿಸಿಕೊಳ್ಳುವುದು ಕೂಡ ಬೇಡ. ಒಳಗೆ ಏನಾಗಿದೆ ಎಂದು ಗೊತ್ತಾಗುವ ಮುಂಚೆ ಅದು ಅಪಾಯ.

2. ಅಪಘಾತದ ಸಾಕ್ಷ್ಯ ಕೂಡಿಡಿ

ಪೊಲೀಸ್ ದೂರು, ಎರಡೂ ಗಾಡಿಗಳ ನಂಬರ್ ಮತ್ತು ವಿಮೆ ವಿವರ, ಜಾಗದ ಫೋಟೋ, ಗಾಡಿ ಜಖಂ ಆದ ಫೋಟೋ, ನೋಡಿದವರ ಹೆಸರು ಮತ್ತು ಫೋನ್ ನಂಬರ್. ಹತ್ತಿರ ಕ್ಯಾಮೆರಾ ಇದ್ದರೆ ಬೇಗ ಕೇಳಿ, ದೃಶ್ಯಗಳು ತಾನಾಗಿ ಅಳಿಸಿಹೋಗುತ್ತವೆ. ಗಾಡಿ ರಿಪೇರಿಯ ಬಿಲ್ಲನ್ನೂ ಎತ್ತಿಡಿ. ಕೆಲಸದ ಜಾಗದಲ್ಲಿ ಅಥವಾ ಕೆಲಸದ ಮೇಲೆ ಹೋಗುವಾಗ ಆದದ್ದಾದರೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ.

ಗಾಡಿಗೆ ಹೆಚ್ಚು ಪೆಟ್ಟಾಗಿಲ್ಲ ಎಂದು ಈ ಹಂತವನ್ನು ಬಿಡಬೇಡಿ. ಬಂಪರ್ ಮೇಲೆ ಎಷ್ಟು ಗೀರು ಬಿದ್ದಿದೆ ಎನ್ನುವುದೊಂದರಿಂದ ಕುತ್ತಿಗೆಗೆ ಎಷ್ಟು ಪೆಟ್ಟಾಗಿದೆ ಎಂದು ಹೇಳಲು ಬರುವುದಿಲ್ಲ.

3. ಯಾವ ಪರೀಕ್ಷೆ, ಯಾಕೆ?

ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಡಿಸ್ಕ್ ಕಾಣುವುದಿಲ್ಲ. "ಎಕ್ಸ್-ರೇ ನಾರ್ಮಲ್, ಏನೂ ಆಗಿಲ್ಲ" ಎಂಬ ಮಾತಿಗೆ ಡಿಸ್ಕ್ ವಿಷಯದಲ್ಲಿ ಅರ್ಥವಿಲ್ಲ. ಡಿಸ್ಕ್, ನರ, ಬೆನ್ನುಹುರಿ ಚೆನ್ನಾಗಿ ಕಾಣುವುದು ಎಮ್‌ಆರ್‌ಐನಲ್ಲಿ.

ಹಾಗಂತ ಕುತ್ತಿಗೆ ನೋವಿದ್ದವರೆಲ್ಲ ಮೊದಲ ದಿನವೇ ಎಮ್‌ಆರ್‌ಐಗೆ ಓಡಬೇಕಿಲ್ಲ. ಕೈಗೆ ನೋವು ಇಳಿದಿದ್ದರೆ, ಜೋಮು ಇದ್ದರೆ, ಬಲ ಕುಗ್ಗಿದ್ದರೆ ಡಾಕ್ಟರನ್ನು ಕೇಳಿ ಮಾಡಿಸಿ. ಅಗತ್ಯ ಇದೆ ಎಂದು ಅವರು ಹೇಳಿದ ಮೇಲೆ ತಿಂಗಳುಗಟ್ಟಲೆ ಮುಂದೂಡಬೇಡಿ. ಹೊಸ ಪೆಟ್ಟಾಗಿದ್ದರೆ ಮೂಳೆಯೊಳಗಿನ ಬಾವು, ಅಸ್ಥಿರಜ್ಜುಗಳ ಬಾವು ಕೆಲವೊಮ್ಮೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಅಸ್ಥಿರಜ್ಜು ಅಂದರೆ ಮೂಳೆಗೆ ಮೂಳೆಯನ್ನು ಹಿಡಿದಿಡುವ ಪಟ್ಟಿ. ಆ ಬಾವು ಕಾಲ ಕಳೆದಂತೆ ಇಳಿದುಹೋಗುತ್ತದೆ. ಅದರ ಜೊತೆ ಒಂದು ಒಳ್ಳೆಯ ಸಾಕ್ಷ್ಯವೂ ಹೋಗುತ್ತದೆ.

ಇನ್ನೊಂದು ಪರೀಕ್ಷೆ ನರ ಮತ್ತು ಸ್ನಾಯುಗಳದ್ದು, 'ಇಎಮ್‌ಜಿ' ಎನ್ನುತ್ತಾರೆ. ನರಕ್ಕೆ ನಿಜವಾಗಿ ಪೆಟ್ಟಾಗಿದೆಯಾ ಎಂದು ಇದು ಹೇಳುತ್ತದೆ. ಪೆಟ್ಟಾದ ಸುಮಾರು ಮೂರು ವಾರಗಳ ಮೇಲೆ ಮಾಡಿಸಿದರೆ ಫಲಿತಾಂಶ ಸ್ಪಷ್ಟ. ಮೊದಲ ವಾರದಲ್ಲೇ ಮಾಡಿಸಿ ನಾರ್ಮಲ್ ಬಂದರೆ, ಆ ಕಾಗದವೇ ಮುಂದೆ ನಿಮಗೆ ಎದುರಾಗಿ ನಿಲ್ಲುತ್ತದೆ.

4. "ಇದು ಹಳೆಯ ಸವೆತ" ಎಂದರೆ ಏನು ಉತ್ತರ?

ಡಿಸ್ಕ್ ಕೇಸುಗಳಲ್ಲಿ ಗೆಲುವು ಸೋಲು ಹೆಚ್ಚಾಗಿ ನಿಂತಿರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಎಮ್‌ಆರ್‌ಐ ವರದಿಯಲ್ಲಿ 'ಡಿಜೆನರೇಟಿವ್' ಎಂಬ ಪದ ಬರುವ ಸಾಧ್ಯತೆ ತುಂಬ ಇದೆ. ಅಂದರೆ ಸವೆತ. ಇದನ್ನು ಕಂಡ ಕೂಡಲೇ ಜನ ಕೇಸು ಮುಗಿಯಿತು ಎಂದು ಕೂರುತ್ತಾರೆ. ಹಾಗಲ್ಲ.

ಜಪಾನಿನಲ್ಲಿ ಕುತ್ತಿಗೆಯ ತೊಂದರೆಯೇ ಇಲ್ಲದ 1,211 ಜನರಿಗೆ ಎಮ್‌ಆರ್‌ಐ ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 87.6 ಜನರಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ನಾಲ್ವರಲ್ಲಿ ಸುಮಾರು ಮೂವರಿಗೆ ಹಾಗಿತ್ತು. ನೋವು ಮಾತ್ರ ಇರಲಿಲ್ಲ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಸ್ಕ್ಯಾನಿನಲ್ಲಿ ಉಬ್ಬು ಕಂಡಿತು ಎನ್ನುವುದೊಂದರಿಂದ ಅಪಘಾತದಿಂದಲೇ ಆಯಿತು ಎಂದು ಸಾಬೀತಾಗುವುದಿಲ್ಲ. ಇದನ್ನು ನಾವು ಒಪ್ಪಿಕೊಳ್ಳಬೇಕು. ಎರಡನೆಯದು ನಿಮ್ಮ ಪರವಾಗಿದೆ. ಸವೆತ ಇದ್ದ ಮಾತ್ರಕ್ಕೆ ನೋವು ಬರುವುದಿಲ್ಲ. ಅಷ್ಟು ಜನ ಆರಾಮಾಗಿ ಓಡಾಡುತ್ತಿದ್ದಾರೆ. ನೀವೂ ಅಪಘಾತದ ಹಿಂದಿನ ದಿನದವರೆಗೆ ಹಾಗೇ ಇದ್ದಿರಿ, ಅಲ್ವಾ? ಹಾಗಿದ್ದರೆ ಸುಮ್ಮನಿದ್ದ ಡಿಸ್ಕನ್ನು ನೋವಿನ ಡಿಸ್ಕ್ ಮಾಡಿದ್ದು ಏನು ಎಂಬುದೇ ಪ್ರಶ್ನೆ.

ಕಾನೂನು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ನೋಡಿದೆ. 1901ರ ಒಂದು ಇಂಗ್ಲಿಷ್ ತೀರ್ಪಿನಿಂದ ಹೆಸರು ಪಡೆದ 'ತೆಳು ತಲೆಬುರುಡೆ' ನಿಯಮ ಅಂತ ಒಂದಿದೆ. ಪೆಟ್ಟು ತಿಂದವರ ತಲೆಬುರುಡೆ ಮೊದಲೇ ತೆಳುವಾಗಿತ್ತು ಎಂಬುದು ತಪ್ಪು ಮಾಡಿದವರಿಗೆ ನೆಪವಾಗುವುದಿಲ್ಲ. ಪೆಟ್ಟು ತಿಂದವರು ಹೇಗಿದ್ದರೋ ಹಾಗೇ ಅವರನ್ನು ಒಪ್ಪಿಕೊಂಡು, ಆದ ನಷ್ಟಕ್ಕೆ ಹೊಣೆ ಹೊರಬೇಕು. ಇಂಗ್ಲಿಷ್ ಕಾನೂನಿನ ಪರಂಪರೆ ಇರುವ ದೇಶಗಳಲ್ಲಿ ಈ ತತ್ವ ನಡೆಯುತ್ತದೆ. ಆದರೆ ಮಿತಿಯೂ ಇದೆ. ಹಳೆಯ ತೊಂದರೆ ಅಪಘಾತ ಆಗದಿದ್ದರೂ ಕೆಲವು ವರ್ಷಗಳಲ್ಲಿ ನೋವು ಕೊಡುತ್ತಿತ್ತು ಎಂದು ಸಾಬೀತಾದರೆ ಪರಿಹಾರ ಕಡಿಮೆಯಾಗಬಹುದು. ಅಪಘಾತ ಎಷ್ಟನ್ನು ಹೆಚ್ಚು ಮಾಡಿತೋ ಅಷ್ಟಕ್ಕೆ ಮಾತ್ರ ಲೆಕ್ಕ.

ಹಾಗಾದರೆ ಡಾಕ್ಟರ ವರದಿಯಲ್ಲಿ ಏನಿರಬೇಕು? ಚಿಕಿತ್ಸೆ ಕೊಡುತ್ತಿರುವ ಮೂಳೆ ತಜ್ಞರು ಅಥವಾ ನರಶಸ್ತ್ರ ತಜ್ಞರಿಂದ ಈ ನಾಲ್ಕು ವಿಷಯ ಬರಹದಲ್ಲಿ ಬೇಕು:

- ಅಪಘಾತಕ್ಕೆ ಮುಂಚೆ ಕುತ್ತಿಗೆ, ಕೈ ಹೇಗಿದ್ದವು, ನಂತರ ಯಾವಾಗಿನಿಂದ ಏನಾಯಿತು.
- ಮೈ ಮುಟ್ಟಿ ನೋಡಿದಾಗ ಕಂಡದ್ದು: ಎಲ್ಲಿ ಜೋಮು, ಯಾವ ಸ್ನಾಯುವಿನ ಬಲ ಕುಗ್ಗಿದೆ.
- ಅದಕ್ಕೂ ಸ್ಕ್ಯಾನಿನಲ್ಲಿ ಕಂಡ ಡಿಸ್ಕಿಗೂ ತಾಳೆಯಾಗುತ್ತಾ. ಸಿ6-ಸಿ7 ಡಿಸ್ಕ್ ನರ ಒತ್ತುತ್ತಿದೆ, ನಡುಬೆರಳಿಗೇ ಜೋಮು ಬಂದಿದೆ ಎಂದರೆ ಅದು ಗಟ್ಟಿ ತಾಳೆ.
- ಅಪಘಾತದಿಂದಲೇ ಆದದ್ದು, ಅಥವಾ ಇದ್ದದ್ದು ಅಪಘಾತದಿಂದ ಉಲ್ಬಣಿಸಿದ್ದು ಎಂಬ ಅವರ ಅಭಿಪ್ರಾಯ, ಕಾರಣದ ಸಮೇತ.

ನಾಲ್ಕನೆಯದನ್ನು ಬರೆಯಲು ಕೆಲವು ಡಾಕ್ಟರು ಹಿಂಜರಿಯುತ್ತಾರೆ. "ಇರಬಹುದು" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇಂಗ್ಲಿಷ್ ಕಾನೂನಿನ ಪರಂಪರೆ ಇರುವ ನ್ಯಾಯಾಲಯಗಳಲ್ಲಿ ಸಿವಿಲ್ ಕೇಸಿಗೆ ನೂರಕ್ಕೆ ನೂರು ಖಚಿತ ಬೇಕಿಲ್ಲ. ಆಗಿರದಿರುವುದಕ್ಕಿಂತ ಆಗಿರುವ ಸಾಧ್ಯತೆ ಹೆಚ್ಚು ಎಂದರೆ ಸಾಕು. ಇದನ್ನು ನಿಮ್ಮ ವಕೀಲರು ಒಂದು ಪತ್ರದಲ್ಲಿ ಡಾಕ್ಟರಿಗೆ ವಿವರಿಸಿದರೆ ಅವರಿಗೂ ಬರೆಯಲು ಸುಲಭ.

ಹಿಂದೆ ಕುತ್ತಿಗೆ ನೋವು ಬಂದಿತ್ತಾ? ದಯವಿಟ್ಟು ಮುಚ್ಚಿಡಬೇಡಿ. ಹಳೆಯ ಚೀಟಿ ಎಲ್ಲಿಂದಲಾದರೂ ಹೊರಬರುತ್ತದೆ. ಬಂದ ದಿನ ನಿಮ್ಮ ಇಡೀ ಮಾತಿನ ಮೇಲೆ ನಂಬಿಕೆ ಹೋಗುತ್ತದೆ. "ಐದು ವರ್ಷದ ಹಿಂದೆ ಒಂದು ವಾರ ನೋವಿತ್ತು, ವಾಸಿಯಾಗಿತ್ತು, ಕೈಗೆ ಯಾವತ್ತೂ ಜೋಮು ಬಂದಿರಲಿಲ್ಲ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅದೇ ನಿಮಗೆ ಬಲ. ಅಪಘಾತಕ್ಕೂ ಮುಂಚಿನ ಸ್ಕ್ಯಾನ್ ಇದ್ದರಂತೂ ಹುಡುಕಿ ತೆಗೆಯಿರಿ. ಮುಂಚಿನದು, ನಂತರದ್ದು ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

5. ಚಿಕಿತ್ಸೆ ನಡುವೆ ಬಿಡಬೇಡಿ

ಸಮಾಧಾನದ ವಿಷಯ ಏನೆಂದರೆ, ಡಿಸ್ಕಿನಿಂದ ಕೈಗೆ ಇಳಿದ ನೋವು ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ. ಮಾತ್ರೆ, ಫಿಸಿಯೋಥೆರಪಿ, ಕೆಲವರಿಗೆ ನರದ ಬಳಿ ಇಂಜೆಕ್ಷನ್. ಬಲ ಕುಗ್ಗುತ್ತಾ ಹೋದರೆ ಅಥವಾ ಬೆನ್ನುಹುರಿಗೆ ಒತ್ತಡ ಇದ್ದರೆ ಆಪರೇಷನ್ ಮಾತು ಬರುತ್ತದೆ. ಕುತ್ತಿಗೆಯ ಮುಂಭಾಗದಿಂದ ಹೋಗಿ ಕೆಟ್ಟ ಡಿಸ್ಕ್ ತೆಗೆದು ಎರಡು ಮೂಳೆಗಳನ್ನು ಬೆಸೆಯುವುದು ಸಾಮಾನ್ಯವಾಗಿ ಮಾಡುವ ಕ್ರಮ. ಕೆಲವರಿಗೆ ಕೃತಕ ಡಿಸ್ಕ್ ಹಾಕುತ್ತಾರೆ.

ಚಿಕಿತ್ಸೆ ನಿಮ್ಮ ಕುತ್ತಿಗೆಗಾಗಿ. ಕೇಸಿಗಾಗಿ ಬೇಡದ ಆಪರೇಷನ್ ಮಾಡಿಸಿಕೊಳ್ಳಿ ಎಂದು ಯಾರೇ ಹೇಳಿದರೂ ಕಿವಿಗೊಡಬೇಡಿ. ಹಾಗೆಯೇ, ಡಾಕ್ಟರು ಹೇಳಿದ ಫಿಸಿಯೋವನ್ನು ಎರಡು ಸಲಕ್ಕೆ ಬಿಟ್ಟು ಮೂರು ತಿಂಗಳು ಸುಮ್ನೆ ಕೂತರೆ "ನೋವಿದ್ದಿದ್ದರೆ ಬರುತ್ತಿದ್ದರಲ್ಲ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನಷ್ಟ ಹೆಚ್ಚಾಗದಂತೆ ತಾನೂ ನೋಡಿಕೊಳ್ಳಬೇಕಾದ್ದು ಗಾಯಗೊಂಡವರ ಕರ್ತವ್ಯ ಎಂದು ಕಾನೂನು ಹೇಳುತ್ತದೆ. ದುಡ್ಡಿಲ್ಲದೆ ಬಿಟ್ಟಿದ್ದರೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಬಿಟ್ಟಿದ್ದರೆ ಮುಂದಿನ ಭೇಟಿಯಲ್ಲಿ ಆ ಕಾರಣವನ್ನೂ ಬರೆಸಿ.

ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಎರಡೇ ಸಾಲು. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಯಾವ ಕೆಲಸ ಆಗಲಿಲ್ಲ, ಮಗುವನ್ನು ಎತ್ತಿಕೊಳ್ಳೋಕೆ ಆಯಿತಾ. ಚೆನ್ನಾಗಿದ್ದ ದಿನವನ್ನೂ ಬರೆಯಿರಿ. ಬರೀ ನರಳಾಟ ತುಂಬಿದ ಡೈರಿಯನ್ನು ಯಾರೂ ನಂಬುವುದಿಲ್ಲ.

6. ಯಾವ ದಾರಿ, ಎಷ್ಟು ಸಮಯ?

ಇದನ್ನು ಮೊದಲ ತಿಂಗಳಲ್ಲೇ ವಕೀಲರಿಂದ ತಿಳಿದುಕೊಳ್ಳಿ, ಏಕೆಂದರೆ ದಾವೆ ಹಾಕುವ ಗಡುವು ಒಂದೊಂದು ಕಡೆ ಒಂದೊಂದು ಥರ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2 ವರ್ಷ, ಟೆನ್ನೆಸಿಯಲ್ಲಿ 1 ವರ್ಷ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಾದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದು, ನ್ಯಾಯಮಂಡಳಿಗೆ ಅರ್ಜಿ ಹಾಕಲು 6 ತಿಂಗಳ ಗಡುವು ತಂದಿದೆ. ಸರ್ಕಾರಿ ವಾಹನ ಗುದ್ದಿದರೆ ಕೆಲವು ಕಡೆ ಇನ್ನೂ ಬೇಗ ನೋಟಿಸ್ ಕೊಡಬೇಕು. ಗಡುವು ಮೀರಿದೆ ಎನಿಸಿದರೂ ಕೈಚೆಲ್ಲುವ ಮುಂಚೆ ಒಮ್ಮೆ ವಕೀಲರನ್ನು ಕೇಳಿ, ವಿನಾಯಿತಿ ಇರಬಹುದು.

ದಾರಿಯೂ ಬೇರೆ. ನ್ಯೂಜಿಲೆಂಡಿನಲ್ಲಿ 1974ರಿಂದ ಅಪಘಾತದ ಗಾಯಕ್ಕೆ ಸರ್ಕಾರಿ ಯೋಜನೆಯೇ ಹಣ ಕೊಡುತ್ತದೆ. ಗುದ್ದಿದವರ ಮೇಲೆ ಗಾಯದ ಪರಿಹಾರಕ್ಕೆ ದಾವೆ ಹಾಕುವಂತಿಲ್ಲ. ಹೆಚ್ಚಿನ ಕಡೆ ತಪ್ಪು ಯಾರದ್ದು ಎಂದು ತೋರಿಸಬೇಕು. ನಿಮ್ಮದೂ ಸ್ವಲ್ಪ ತಪ್ಪಿದ್ದರೆ ಅಷ್ಟು ಪಾಲು ಕಡಿತವಾಗುತ್ತದೆ. ಅಮೆರಿಕದ ಅಲಬಾಮಾ, ವರ್ಜೀನಿಯಾದಂಥ ಕೆಲವೇ ರಾಜ್ಯಗಳಲ್ಲಿ ಸ್ವಲ್ಪ ತಪ್ಪಿದ್ದರೂ ಏನೂ ಸಿಗದೆ ಹೋಗಬಹುದು. ಅಲ್ಲಿರುವವರು ಸ್ಥಳದಲ್ಲೇ "ಸಾರಿ, ನಂದೂ ತಪ್ಪು" ಎನ್ನುವ ಮುಂಚೆ ಯೋಚಿಸಬೇಕು.

ಗಾಯದ ಹೆಸರೂ ಮುಖ್ಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ 31ರಿಂದ ಆದ ರಸ್ತೆ ಅಪಘಾತಗಳಲ್ಲಿ 'ವಿಪ್‌ಲ್ಯಾಶ್'ಗೆ, ಅಂದರೆ ತಲೆ ಹಿಂದಕ್ಕೂ ಮುಂದಕ್ಕೂ ಚಾಟಿಯಂತೆ ಬೀಸಿ ಆಗುವ ಗಾಯಕ್ಕೆ, ನಿಗದಿ ದರ ಇದೆ. ಕಾನೂನು ಅಲ್ಲಿ ಹೇಳುವುದು ಸ್ನಾಯು, ಸ್ನಾಯುಬಂಧ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು), ಅಸ್ಥಿರಜ್ಜುಗಳ ಪೆಟ್ಟಿನ ಬಗ್ಗೆ. ಡಿಸ್ಕ್ ಒಡೆದು ನರ ಒತ್ತುತ್ತಿರುವಾಗ ಕಾಗದದಲ್ಲಿ ಬರೀ 'ಕುತ್ತಿಗೆ ಉಳುಕು' ಎಂದಿದ್ದರೆ ನಷ್ಟ ನಿಮಗೇ.

7. ಏನೇನು ಕೇಳಬಹುದು?

ಆಸ್ಪತ್ರೆ, ಔಷಧಿ, ಓಡಾಟ, ಆರೈಕೆಯ ಖರ್ಚು. ಹೋದ ಸಂಬಳ. ನೋವು, ಸಂಕಟ. ಮೊದಲಿನಂತೆ ಬದುಕಲು ಆಗದಿರುವುದು. ಇವು ಎಲ್ಲರಿಗೂ ಹೊಳೆಯುತ್ತವೆ. ಒಂದೊಂದಕ್ಕೂ ರಸೀದಿ, ಸಂಬಳದ ಚೀಟಿ, ರಜೆಯ ದಾಖಲೆ ಜೋಡಿಸಿ. ಸ್ವಂತ ಕೆಲಸದವರು ಬ್ಯಾಂಕ್ ಪಾಸ್‌ಬುಕ್, ತೆರಿಗೆ ಕಾಗದ, ಆರ್ಡರ್ ಪುಸ್ತಕ ತೋರಿಸಬಹುದು. ಮನೆಯವರು ಕೆಲಸ ಬಿಟ್ಟು ನೋಡಿಕೊಂಡಿದ್ದರೆ ಅದನ್ನೂ ಕೇಳಬಹುದಾ ಎಂದು ವಕೀಲರನ್ನು ವಿಚಾರಿಸಿ.

ಜನ ಮರೆಯುವುದು ಎರಡನ್ನು. ಒಂದು, ಮುಂದಿನ ಖರ್ಚು. ಎರಡು ಮೂಳೆ ಬೆಸೆದ ಮೇಲೆ ಅದರ ಮೇಲಿನ, ಕೆಳಗಿನ ಡಿಸ್ಕ್‌ಗಳಿಗೂ ವರ್ಷಗಳ ನಂತರ ತೊಂದರೆ ಬರಬಹುದು. ಮತ್ತೆ ಆಪರೇಷನ್ ಬೇಕಾಗಬಹುದಾ, ಎಷ್ಟಾಗಬಹುದು ಎಂದು ಡಾಕ್ಟರಿಂದ ಬರೆಸಿಕೊಳ್ಳಿ.

ಇನ್ನೊಂದು, ದುಡಿಯುವ ಶಕ್ತಿಯ ನಷ್ಟ. ಡಾಕ್ಟರು ಅಂಗವೈಕಲ್ಯ 15 ಪರ್ಸೆಂಟ್ ಎಂದು ಬರೆದರು ಎಂದುಕೊಳ್ಳಿ. ಅದು ಮೈಯ ಲೆಕ್ಕ, ದುಡಿಮೆಯ ಲೆಕ್ಕ ಅಲ್ಲ. ಮೂಟೆ ಹೊರುವವರಿಗೆ, ಇಡೀ ದಿನ ತಲೆ ಮೇಲೆತ್ತಿ ಬಣ್ಣ ಬಳಿಯುವವರಿಗೆ ಆ 15 ಪರ್ಸೆಂಟ್ ಎಂದರೆ ಇಡೀ ಕೆಲಸವೇ ಹೋದಂತೆ. ಭಾರತದ ಸುಪ್ರೀಂ ಕೋರ್ಟ್ ಕೂಡ 2010ರ ಒಂದು ತೀರ್ಪಿನಲ್ಲಿ ಈ ಎರಡು ಬೇರೆ ಬೇರೆ, ಗಾಯಗೊಂಡವರ ಕೆಲಸವೇನು ಎಂದು ನೋಡಿಯೇ ನಷ್ಟ ಲೆಕ್ಕ ಹಾಕಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ನಿಮ್ಮ ಕೆಲಸದಲ್ಲಿ ಕುತ್ತಿಗೆ, ಕೈ ಎಷ್ಟು ಬೇಕು ಎಂದು ಒಂದು ಪುಟ ನೀವೇ ಬರೆದು ಡಾಕ್ಟರಿಗೂ ವಕೀಲರಿಗೂ ಕೊಡಿ. ಇದನ್ನು ನಿಮಗಿಂತ ಚೆನ್ನಾಗಿ ಬರೆಯುವವರು ಯಾರೂ ಇಲ್ಲ.

8. ಇನ್ಶೂರೆನ್ಸ್‌ನವರ ಜೊತೆ ಮಾತು

ಎದುರು ಪಕ್ಷದ ವಿಮೆಯವರು ಫೋನ್ ಮಾಡಿ "ಈಗ ಹೇಗಿದ್ದೀರಿ?" ಎಂದು ಕೇಳುತ್ತಾರೆ. "ಪರವಾಗಿಲ್ಲ, ಆರಾಮ" ಎಂದು ಬಾಯಿಗೆ ಬರುತ್ತದೆ. ಅದು ರೆಕಾರ್ಡ್ ಆಗುತ್ತಿರಬಹುದು. ಮರ್ಯಾದೆಯಿಂದಲೇ "ವಕೀಲರ ಮೂಲಕ ಬರಹದಲ್ಲಿ ಉತ್ತರಿಸುತ್ತೇನೆ" ಎನ್ನಿ. ಹುಟ್ಟಿದಾಗಿನಿಂದ ಇರುವ ಎಲ್ಲ ವೈದ್ಯಕೀಯ ದಾಖಲೆ ತೆಗೆಯಲು ಒಪ್ಪಿಗೆ ಪತ್ರ ಕೊಟ್ಟರೆ ಓದದೆ ಸಹಿ ಹಾಕಬೇಡಿ. ನಿಮ್ಮದೇ ವಿಮೆ ಕಂಪನಿಗೆ ಮಾತ್ರ ಅಪಘಾತದ ವಿಷಯ ಬೇಗ ತಿಳಿಸಬೇಕು, ಪಾಲಿಸಿಯಲ್ಲಿ ಹಾಗೆ ಷರತ್ತು ಇರುತ್ತದೆ.

ಎದುರು ಪಕ್ಷದ ವಿಮೆಯವರು ತಾವು ಗೊತ್ತು ಮಾಡಿದ ಡಾಕ್ಟರ ಬಳಿ ಕಳಿಸಬಹುದು. ಹೋಗಿ, ಕೇಳಿದ್ದಕ್ಕೆ ಉತ್ತರಿಸಿ. ನೋವನ್ನು ದೊಡ್ಡದು ಮಾಡಬೇಡಿ, ಚಿಕ್ಕದೂ ಮಾಡಬೇಡಿ. ಬಂದ ಮೇಲೆ ಎಷ್ಟು ನಿಮಿಷ ನೋಡಿದರು, ಏನೇನು ಪರೀಕ್ಷೆ ಮಾಡಿದರು ಎಂದು ಬರೆದಿಡಿ. ಕೇಸು ಮುಗಿಯುವವರೆಗೆ ಸಾಮಾಜಿಕ ಜಾಲತಾಣದಲ್ಲಿ ಫೋಟೋ ಹಾಕುವುದೂ ಬೇಡ. ಮದುವೆ ಮನೆಯಲ್ಲಿ ಐದು ನಿಮಿಷ ನಕ್ಕ ಫೋಟೋ ಕಾಣುತ್ತದೆ. ಆಮೇಲೆ ಎರಡು ದಿನ ಮಲಗಿದ್ದು ಯಾರಿಗೂ ಕಾಣುವುದಿಲ್ಲ. ಹಾಕಿರುವುದನ್ನು ಅಳಿಸಲೂ ಹೋಗಬೇಡಿ, ಅದನ್ನು ಸಾಕ್ಷ್ಯ ನಾಶ ಎನ್ನಬಹುದು.

9. ರಾಜಿಗೆ ಸಹಿ ಹಾಕುವ ಮುಂಚೆ

ಮೊದಲ ಒಂದೆರಡು ತಿಂಗಳಲ್ಲೇ ವಿಮೆಯವರು ಒಂದು ಮೊತ್ತ ಹೇಳಿ ಮುಗಿಸೋಣ ಎನ್ನಬಹುದು. ಆಸ್ಪತ್ರೆ ಬಿಲ್ಲು ಕುತ್ತಿಗೆ ಮೇಲೆ ಕೂತಿರುವಾಗ ಆ ಮೊತ್ತ ದೊಡ್ಡದಾಗೇ ಕಾಣುತ್ತದೆ. ಆದರೆ ರಾಜಿ ಪತ್ರದಲ್ಲಿ ಸಾಮಾನ್ಯವಾಗಿ "ಪೂರ್ಣ ಮತ್ತು ಅಂತಿಮ" ಎಂಬ ಮಾತಿರುತ್ತದೆ. ಆರು ತಿಂಗಳ ಮೇಲೆ ಆಪರೇಷನ್ ಬೇಕು ಎಂದಾದರೆ ಆ ಖರ್ಚು ಪೂರ್ತಿ ನಿಮ್ಮದೇ.

ಚಿಕಿತ್ಸೆ ಒಂದು ಹಂತಕ್ಕೆ ಬಂದು, ಇನ್ನು ಹೆಚ್ಚು ಸುಧಾರಿಸುವುದೂ ಇಲ್ಲ, ಕೆಡುವುದೂ ಇಲ್ಲ ಎಂದು ಡಾಕ್ಟರು ಹೇಳುವವರೆಗೆ ಕಾಯುವುದು ಒಳ್ಳೆಯದು. ಅಷ್ಟರಲ್ಲಿ ಗಡುವು ಮುಗಿಯುವಂತಿದ್ದರೆ ಅರ್ಜಿ ಹಾಕಿಬಿಡಿ, ರಾಜಿ ಮಾತ್ರ ಆಮೇಲೆ. ದುಡ್ಡಿಗೆ ತುಂಬ ಕಷ್ಟವಾಗಿದ್ದರೆ ಮಧ್ಯಂತರ ಪರಿಹಾರ, ಅಂದರೆ ಕೇಸು ಮುಗಿಯುವ ಮುಂಚೆ ಒಂದು ಪಾಲು ಹಣ, ಕೇಳುವ ಅವಕಾಶ ನಿಮ್ಮ ಕಡೆ ಇದೆಯಾ ವಿಚಾರಿಸಿ.

ಸಹಿ ಹಾಕುವ ದಿನ ವಕೀಲರನ್ನು ಮೂರು ಪ್ರಶ್ನೆ ಕೇಳಿ. ಈ ಮೊತ್ತದಲ್ಲಿ ನಿಮ್ಮ ಫೀಸು, ಕೋರ್ಟ್ ಖರ್ಚು ಹೋಗಿ ನನ್ನ ಕೈಗೆ ಎಷ್ಟು ಬರುತ್ತದೆ? ನನ್ನ ಆರೋಗ್ಯ ವಿಮೆಯವರು ಅವರು ಕಟ್ಟಿದ ಆಸ್ಪತ್ರೆ ಹಣವನ್ನು ಇದರಿಂದ ವಾಪಸ್ ಕೇಳುತ್ತಾರಾ? ಹಣ ಯಾವ ದಿನದೊಳಗೆ ಬರಬೇಕು, ತಡವಾದರೆ ಬಡ್ಡಿ ಎಷ್ಟು? ಮೂರಕ್ಕೂ ಉತ್ತರವನ್ನು ಬರಹದಲ್ಲಿ ಪಡೆದ ಮೇಲೆ ಸಹಿ ಮಾಡಿ, ಸಹಿ ಮಾಡಿದ ಪ್ರತಿಯೊಂದನ್ನು ಅಲ್ಲೇ ಕೇಳಿ ತೆಗೆದುಕೊಳ್ಳಿ.